ಜ್ವಾಲಾಮುಖಿ ದ್ವೀಪದ ಫೋಟೊ ಟೂರ್: ಫಾರ್ವರ್ಡ್‌ನಲ್ಲಿ ಕಂಡದ್ದು ಅಲ್ಲಿ ಹೋದರೂ ಕಾಣುತ್ತದೆಯೇ?

ಸಮುದ್ರದೊಳಗೆ ಧುಮುಕುವ ಜಲಪಾತ. ಬೆಟ್ಟದ ಮೈಮೇಲೆ ಹರಿಯುವ ನೀಲಿ ಲಾವಾ. ಅಳತೆ ಹಿಡಿದು ಕಡೆದಂತಿರುವ ಆರು ಮೂಲೆಯ ಕಲ್ಲುಗಂಬಗಳು. ಫೋಟೊಗಳ ಕೆಳಗೆ ಎರಡು ಸಾಲು: ‘ಜ್ವಾಲಾಮುಖಿ ದ್ವೀಪಗಳಿಗೆ ನಿಮಗಾಗಿಯೇ ರೂಪಿಸಿದ ಫೋಟೊಗ್ರಫಿ ಟೂರ್. ಸೀಟು ಕೆಲವೇ ಉಳಿದಿವೆ, ಇಂದೇ ಅಡ್ವಾನ್ಸ್ ಹಾಕಿ.’

ವಿಜಯಪುರ, ತಿಕೋಟಾ, ಬಬಲೇಶ್ವರದ ಮನೆಮಂದಿಯ ಗ್ರೂಪಿಗೆ ಇಂಥದ್ದೊಂದು ಬಂದು ಬಿದ್ದರೆ ಮುಂದೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅಳಿಯ ‘ಮಾಮಾ, ಮುಂದಿನ ವರ್ಷ ಹೋಗೂಣೇನ್ರಿ?’ ಎಂದು ಕೇಳುತ್ತಾನೆ. ಇನ್ನೊಬ್ಬರು ‘ಇವೆಲ್ಲಾ ಎಐ ಫೋಟೊ ಅದಾವ, ನಂಬಬ್ಯಾಡ್ರಿ’ ಎನ್ನುತ್ತಾರೆ. ಮೂರನೆಯವರು ಏನೂ ಹೇಳದೆ ಬೇರೆ ಹತ್ತು ಗ್ರೂಪಿಗೆ ಕಳಿಸುತ್ತಾರೆ.

ಇಂಥ ಚಿತ್ರಗಳ ಬಗ್ಗೆ ‘ಇದು ನಿಜವೋ ಸುಳ್ಳೋ’ ಎಂಬ ಪ್ರಶ್ನೆಯಿಂದ ಹೆಚ್ಚು ಉಪಯೋಗವಿಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಮೇಲೆ ಹೇಳಿದ ಮೂರೂ ಜಾಗಗಳು ಭೂಮಿಯ ಮೇಲೆ ಇವೆ. ಮೂರನ್ನೂ ಕ್ಯಾಮೆರಾದಲ್ಲಿ ಸೆರೆಹಿಡಿದ ಅಸಲಿ ಫೋಟೊಗಳೂ ಇವೆ. ಆದರೆ ದುಡ್ಡು ಕಟ್ಟುವವರು ಕೇಳಬೇಕಾದ ಪ್ರಶ್ನೆ ಬೇರೆ: ನಾನು ಅಲ್ಲಿ ಹೋಗಿ ನಿಂತರೆ ನನಗೆ ಇದು ಕಾಣುತ್ತದೆಯೇ? ಎಲ್ಲಿ ನಿಂತರೆ, ಎಷ್ಟು ಹೊತ್ತಿಗೆ, ಯಾವ ತಿಂಗಳಲ್ಲಿ? ಒಂದೊಂದನ್ನೇ ನೋಡೋಣ.

ಸಮುದ್ರದೊಳಗೆ ಜಲಪಾತ ಇರಲು ಸಾಧ್ಯವೇ?

ಈ ಚಿತ್ರ ಮಾರಿಷಸ್‌ನದ್ದು. ಹಿಂದೂ ಮಹಾಸಾಗರದಲ್ಲಿ ಜ್ವಾಲಾಮುಖಿಯಿಂದಲೇ ಹುಟ್ಟಿದ ಈ ದ್ವೀಪದ ನೈರುತ್ಯ ತುದಿಯಲ್ಲಿ ಲೆ ಮೋರ್ನ್ ಎಂಬ ಕರಿಕಲ್ಲಿನ ಬೆಟ್ಟವಿದೆ. ಎತ್ತರ 556 ಮೀಟರ್. ಹಿಂದೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು ಅಡಗಿದ್ದ ಬೆಟ್ಟ ಅದು. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಬೆಟ್ಟದ ಎದುರಿನ ಸಮುದ್ರದಲ್ಲಿ, ಮೇಲಿಂದ ನೋಡಿದರೆ, ನೀರು ದೊಡ್ಡದೊಂದು ಕಂದಕಕ್ಕೆ ಬೀಳುತ್ತಿರುವಂತೆ ಕಾಣುತ್ತದೆ.

ಅಲ್ಲಿ ಜಲಪಾತ ಇಲ್ಲ. ತೀರದ ಬಳಿ ನೀರಿನ ಆಳ ಕಡಿಮೆ. ತಳದ ಬಿಳಿ ಮರಳು ಕಾಣುವುದರಿಂದ ನೀರು ತಿಳಿ ಹಸಿರಾಗಿ ತೋರುತ್ತದೆ. ಅಲ್ಲಿಂದ ಮುಂದೆ ತಳ ಇಳಿಜಾರಾಗಿ ಆಳಕ್ಕೆ ಹೋಗುತ್ತದೆ, ನೀರಿನ ಬಣ್ಣ ಕಡುನೀಲಿಗೆ ತಿರುಗುತ್ತದೆ. ಸಮುದ್ರದ ಹರಿವಿಗೆ ಸಿಕ್ಕ ಮರಳು ಮತ್ತು ಹೂಳು ಆ ಇಳಿಜಾರಿನಲ್ಲಿ ಗೆರೆ ಗೆರೆಯಾಗಿ ಜಾರುತ್ತವೆ. ತಿಳಿ ಬಣ್ಣ, ಕಡು ಬಣ್ಣ, ನಡುವೆ ಇಳಿಯುವ ಗೆರೆಗಳು. ಈ ಮೂರನ್ನೂ ಕೂಡಿಸಿ ‘ಜಲಪಾತ’ ಎಂದು ಹೇಳುವುದು ನಮ್ಮ ಮಿದುಳು.

ಟೂರಿಗೆ ಹೋಗುವವರು ತಿಳಿಯಬೇಕಾದದ್ದು ಇನ್ನೊಂದಿದೆ. ಈ ದೃಶ್ಯ ಆಕಾಶದಿಂದ ಮಾತ್ರ ಕಾಣುತ್ತದೆ. ಹೆಲಿಕಾಪ್ಟರ್, ಸಣ್ಣ ವಿಮಾನ ಅಥವಾ ಡ್ರೋನ್ ಬೇಕು. ಅದೇ ಬೆಟ್ಟದ ಬುಡದ ಬೀಚಿನಲ್ಲಿ ದಿನವಿಡೀ ನಿಂತರೂ ನಿಮಗೆ ಕಾಣುವುದು ಚೆಂದದ ಬೀಚು ಮಾತ್ರ. ‘ಅಂಡರ್‌ವಾಟರ್ ವಾಟರ್‌ಫಾಲ್ ಪಾಯಿಂಟ್ ಭೇಟಿ’ ಎಂದು ಪ್ಯಾಕೇಜಿನಲ್ಲಿ ಬರೆದಿದ್ದು, ಹೆಲಿಕಾಪ್ಟರ್ ಸೀಟಿನ ಮಾತೇ ಇಲ್ಲವಾದರೆ, ನೀವು ಬೀಚಿಗೆ ಹೋಗಿ ಬರುತ್ತೀರಿ. ಫೋಟೊ ಸುಳ್ಳಲ್ಲ, ಜಾಗವೂ ಸುಳ್ಳಲ್ಲ. ಆ ಕ್ಯಾಮೆರಾ ಇದ್ದ ಎತ್ತರದಲ್ಲಿ ನೀವು ಇರುವುದಿಲ್ಲ, ಅಷ್ಟೇ.

ಅದೇ ದ್ವೀಪದ ಶಮರೆಲ್ ಎಂಬಲ್ಲಿಯ ‘ಏಳು ಬಣ್ಣದ ಮಣ್ಣು’ ಕೂಡ ಫಾರ್ವರ್ಡ್‌ಗಳಲ್ಲಿ ಹೋಳಿ ಹುಡಿ ಎರಚಿದಷ್ಟು ಗಾಢವಾಗಿ ಬರುತ್ತದೆ. ಜ್ವಾಲಾಮುಖಿ ಕಲ್ಲು ಸವೆದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದದ್ದರಿಂದ ಅಲ್ಲಿಗೆ ಕೆಂಪು, ಕಂದು, ನೇರಳೆಯ ಛಾಯೆಗಳು ಬಂದಿವೆ. ಛಾಯೆ ನಿಜ, ಆ ಹೊಳಪು ಮೊಬೈಲ್ ಎಡಿಟಿಂಗ್‌ನದ್ದು.

ನೀಲಿ ಲಾವಾ ಎಂಬುದು ಲಾವಾ ಅಲ್ಲ

ಎರಡನೆಯ ಚಿತ್ರ ಇಂಡೋನೇಷ್ಯಾದ ಪೂರ್ವ ಜಾವಾದ ಈಜೆನ್ ಎಂಬ ಜ್ವಾಲಾಮುಖಿಯದ್ದು. ‘ಜಗತ್ತಿನ ಏಕೈಕ ನೀಲಿ ಲಾವಾ’ ಎಂಬ ಹೆಸರಿನಲ್ಲಿ ಎಷ್ಟು ಸಲ ಸುತ್ತಿದೆಯೋ ಲೆಕ್ಕವಿಲ್ಲ.

ಲಾವಾ ಎಂದರೆ ಕರಗಿದ ಕಲ್ಲು. ಅದು ಕಾದಾಗ ಕಾದ ಕಬ್ಬಿಣದಂತೆ ಕೆಂಪು, ಕಿತ್ತಳೆ, ಹಳದಿಯಾಗಿ ಹೊಳೆಯುತ್ತದೆ. ನೀಲಿಯಾಗಿ ಹರಿಯುವುದಿಲ್ಲ. ಈಜೆನ್‌ನ ಬಿರುಕುಗಳಿಂದ ಗಂಧಕದ ಅನಿಲ ತುಂಬ ಬಿಸಿಯಾಗಿ ಹೊರಬರುತ್ತದೆ. ಗಾಳಿ ತಾಗಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಗಂಧಕ ಉರಿದರೆ ಜ್ವಾಲೆ ನೀಲಿ. ಒಂದಿಷ್ಟು ಗಂಧಕ ದ್ರವವಾಗಿ ಇಳಿಜಾರಿನಲ್ಲಿ ಉರಿಯುತ್ತಲೇ ಹರಿಯುವುದರಿಂದ, ದೂರದಿಂದ ನೋಡಿದವರಿಗೆ ನೀಲಿ ಲಾವಾ ಎನಿಸುತ್ತದೆ.

ಹಗಲಲ್ಲಿ ಈ ಉರಿ ಕಣ್ಣಿಗೆ ಕಾಣುವುದಿಲ್ಲ. ಬೆಳಗು ಹರಿಯುವ ಮುನ್ನವೇ ಕತ್ತಲಲ್ಲಿ ಬೆಟ್ಟ ಹತ್ತಿ, ಕುಳಿಯೊಳಗೆ ಇಳಿದು ನೋಡಬೇಕು. ನೋಡಿದರೂ ಫೋಟೊದಷ್ಟು ಕಾಣುವುದಿಲ್ಲ. ಫೋಟೊಗ್ರಾಫರ್ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಶಟರನ್ನು ಹಲವು ಸೆಕೆಂಡು ತೆರೆದಿಟ್ಟಿರುತ್ತಾರೆ. ಅಷ್ಟೂ ಹೊತ್ತು ಎದ್ದ ಬೇರೆ ಬೇರೆ ಜ್ವಾಲೆಗಳೆಲ್ಲ ಒಂದೇ ಚಿತ್ರದಲ್ಲಿ ಕೂಡಿಕೊಂಡು ನದಿಯಂತಾಗುತ್ತವೆ. ನಮ್ಮ ಕಣ್ಣು ಹಾಗೆ ಬೆಳಕನ್ನು ಕೂಡಿಸಿಟ್ಟುಕೊಳ್ಳುವುದಿಲ್ಲ.

ಆ ಫೋಟೊದ ಚೌಕಟ್ಟಿನಿಂದ ಹೊರಗೆ ಉಳಿದದ್ದೂ ಇದೆ. ಅದೇ ಕುಳಿಯಲ್ಲಿ ಗಂಧಕ ಒಡೆದು, 70ರಿಂದ 90 ಕಿಲೊ ಭಾರವನ್ನು ಬುಟ್ಟಿಗಳಲ್ಲಿ ಹೆಗಲ ಮೇಲೆ ಹೊತ್ತು ಮೇಲೆ ಬರುವ ಕೂಲಿಗಳಿದ್ದಾರೆ. ಅದೇ ಹೊಗೆ ಅವರ ಎದೆಗೂ ಹೋಗುತ್ತದೆ. ಪ್ರವಾಸಿಗರಿಗೆ ಮಾಸ್ಕ್ ಬಾಡಿಗೆಗೆ ಸಿಗುತ್ತದೆ. ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರಿಗೆ ಅದು ಹೋಗಬಾರದ ಜಾಗ. 2024ರ ಏಪ್ರಿಲ್‌ನಲ್ಲಿ ಇಲ್ಲೇ ಕುಳಿಯ ಅಂಚಿನಲ್ಲಿ ಫೋಟೊಗೆ ನಿಲ್ಲುವಾಗ ಪ್ರವಾಸಿಯೊಬ್ಬರು ಜಾರಿ ಬಿದ್ದು ಸತ್ತರು.

ಗೋಲಗುಮ್ಮಟದಷ್ಟೇ ದೊಡ್ಡ ಚಂದ್ರ

ಇಷ್ಟು ಓದಿದವರು ‘ಹಾಗಾದ್ರ ಎಲ್ಲಾ ಫೋಟೊನೂ ಮೋಸ’ ಎಂಬ ತೀರ್ಮಾನಕ್ಕೆ ಬಂದರೆ ಅದೂ ತಪ್ಪು. ಇದಕ್ಕೆ ನಮ್ಮೂರಿನದೇ ಲೆಕ್ಕವೊಂದನ್ನು ನೋಡೋಣ.

ಗೋಲಗುಮ್ಮಟದ ಹಿಂದೆ, ಗುಮ್ಮಟದಷ್ಟೇ ಅಗಲದ ಹುಣ್ಣಿಮೆ ಚಂದ್ರನಿರುವ ಫೋಟೊ ಬಂದಿತೆನ್ನಿ. ಬಹಳ ಜನ ನೋಡಿದ ಕೂಡಲೇ ‘ಫೇಕ್’ ಎನ್ನುತ್ತಾರೆ. ಚಂದ್ರ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. ನಾವು ಊರೊಳಗೆ ನಿಂತರೂ ಅಷ್ಟೇ, ಹೊಲದಲ್ಲಿ ನಿಂತರೂ ಅಷ್ಟೇ. ಆದರೆ ಗುಮ್ಮಟ ಮಾತ್ರ ನಾವು ದೂರ ಸರಿದಂತೆ ಚಿಕ್ಕದಾಗುತ್ತ ಹೋಗುತ್ತದೆ. ಅದರ ಹೊರ ಅಗಲ ಸುಮಾರು 44 ಮೀಟರ್. ಅರ್ಧ ಕಿಲೊಮೀಟರ್ ದೂರದಿಂದ ನೋಡಿದರೆ ಚಂದ್ರ ಗುಮ್ಮಟದ ಹತ್ತನೇ ಒಂದು ಪಾಲು. 5 ಕಿಲೊಮೀಟರ್ ದೂರ ಹೋದರೆ ಎರಡೂ ಒಂದೇ ಅಗಲ. 10 ಕಿಲೊಮೀಟರ್ ದೂರದಿಂದ ಕಾಣಿಸಿದರೆ ಚಂದ್ರನೇ ಎರಡು ಪಟ್ಟು ದೊಡ್ಡವನು. ಅಷ್ಟು ದೂರದಿಂದ ದೊಡ್ಡ ಟೆಲಿ ಲೆನ್ಸ್ ಹಾಕಿ ತೆಗೆದರೆ ಯಾವ ಮೋಸವೂ ಇಲ್ಲದೆ ಆ ಫೋಟೊ ಬರುತ್ತದೆ.

ಪರೀಕ್ಷೆಯೂ ಇದರಲ್ಲೇ ಇದೆ. ಹುಣ್ಣಿಮೆ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಏಳುತ್ತಾನೆ. ಅಂದರೆ ಸಂಜೆ ತೆಗೆದ ಅಂಥ ಫೋಟೊಗೆ ಕ್ಯಾಮೆರಾ ಗುಮ್ಮಟದ ಪಶ್ಚಿಮಕ್ಕೆ ಇರಬೇಕು, ಊರಿನ ಆಚೆ ತುದಿಯಲ್ಲಿ, ಎತ್ತರದ ಜಾಗದಲ್ಲಿ. ಗುಮ್ಮಟದ ಬಾಗಿಲಿನ ಎದುರೇ ನಿಂತು ಮೊಬೈಲ್‌ನಲ್ಲಿ ತೆಗೆದ ಹಾಗಿರುವ ಫೋಟೊದಲ್ಲಿ ಗುಮ್ಮಟದಷ್ಟೇ ಚಂದ್ರ ಇದ್ದರೆ, ಆಗ ಅನುಮಾನ ಪಡಬಹುದು.

ಜ್ವಾಲಾಮುಖಿ ದ್ವೀಪದ ಟೂರಿನ ಫೋಟೊಗಳಲ್ಲೂ ಇದೇ ಕಥೆ. ಹಳ್ಳಿಯ ಮನೆಯ ಹಿಂದೆಯೇ ಹೊಗೆಯಾಡುವ ಬೆಟ್ಟ ನಿಂತಂತೆ ಕಂಡರೆ, ಅದು ಟೆಲಿ ಲೆನ್ಸ್ ದೂರವನ್ನು ಕುಗ್ಗಿಸಿದ್ದು. ಅಲೆಗಳು ಹಾಲಿನ ಕೆನೆಯಂತೆ, ಮಂಜಿನಂತೆ ಕಂಡರೆ ಅದು ಶಟರ್ ಹತ್ತಾರು ಸೆಕೆಂಡು ತೆರೆದಿದ್ದದ್ದು. ಆಕಾಶಗಂಗೆ ಹೊಳೆಯುತ್ತಿದ್ದರೂ ಹಾಗೆಯೇ. ನಿಮ್ಮ ಮೊಬೈಲಿನ ನೈಟ್ ಮೋಡ್ ಕೂಡ ನೀವು ಒಂದು ಸಲ ಒತ್ತಿದರೆ ಹಲವು ಫೋಟೊ ತೆಗೆದು, ಒಂದರ ಮೇಲೊಂದು ಜೋಡಿಸಿ, ಬಣ್ಣ ತಿದ್ದಿಯೇ ನಿಮಗೆ ತೋರಿಸುವುದು.

ನಮಗೆ ಹತ್ತಿರದ ಜ್ವಾಲಾಮುಖಿ ದ್ವೀಪ

ಮೂರನೆಯ ಚಿತ್ರ, ಆರು ಮೂಲೆಯ ಕಂಬಗಳದ್ದು, ನಮ್ಮ ರಾಜ್ಯದ್ದೇ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋಗಬಹುದಾದ ಸೇಂಟ್ ಮೇರೀಸ್ ದ್ವೀಪಗಳು. ವಿಜಯಪುರದಿಂದ ಒಂದು ರಾತ್ರಿಯ ಬಸ್ ಪ್ರಯಾಣ, ಮೇಲೆ ಸ್ವಲ್ಪ ದೋಣಿ. ಪಾಸ್‌ಪೋರ್ಟ್ ಬೇಡ.

ಮನುಷ್ಯರು ಕೆತ್ತಿ ನಿಲ್ಲಿಸಿದ್ದು, ಮುಳುಗಿದ ನಗರದ ಅವಶೇಷ ಎಂದೆಲ್ಲ ಹೇಳುವವರಿದ್ದಾರೆ. ಅವು ತಾವಾಗಿಯೇ ಬಿರಿದ ಲಾವಾ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಬಂದ ಲಾವಾ ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಆ ಪಟ್ಟಿಯಲ್ಲಿ ಕಲ್ಲಿನ ಹೆಸರು ‘ಬಸಾಲ್ಟ್’ ಎಂದಿದೆ. ಆದರೆ ಆಮೇಲೆ ರಾಸಾಯನಿಕ ಪರೀಕ್ಷೆ ಮಾಡಿದವರು ಇದು ಬಸಾಲ್ಟಿಗಿಂತ ಸಿಲಿಕಾ ಹೆಚ್ಚಿರುವ ರಯೊಲೈಟ್ ಜಾತಿಯ ಕಲ್ಲು ಎಂದು ತೋರಿಸಿದ್ದಾರೆ.

ಆರು ಮೂಲೆ ಯಾಕೆ? ಇದನ್ನು ತಿಳಿಯಲು ಮಲ್ಪೆಗೆ ಹೋಗುವುದೇ ಬೇಡ. ಏಪ್ರಿಲ್ ತಿಂಗಳಲ್ಲಿ ಬಬಲೇಶ್ವರದ ಕಡೆಯ ಯಾವುದಾದರೂ ಎರೆ ಹೊಲಕ್ಕೆ ಹೋಗಿ ನೆಲ ನೋಡಿ. ಮಳೆಗಾಲದಲ್ಲಿ ನೀರು ಕುಡಿದು ಹಿಗ್ಗಿದ್ದ ಎರೆಮಣ್ಣು ಒಣಗಿ ಕುಗ್ಗುತ್ತದೆ. ಕುಗ್ಗುವ ಮಣ್ಣು ಎಲ್ಲ ಕಡೆಗೂ ಎಳೆದುಕೊಳ್ಳುವುದರಿಂದ ನೆಲ ತುಂಡು ತುಂಡಾಗಿ ಬಿರಿಯುತ್ತದೆ. ಕುಗ್ಗುವ ಲಾವಾದಲ್ಲೂ ಆದದ್ದು ಇದೇ. ಮಣ್ಣು ಕುಗ್ಗುವುದು ನೀರು ಆರಿ, ಲಾವಾ ಕುಗ್ಗುವುದು ಬಿಸಿ ಆರಿ. ಲಾವಾ ನಿಧಾನವಾಗಿ, ಒಂದೇ ಸಮನಾಗಿ ತಣ್ಣಗಾದಾಗ ಮೂರು ಬಿರುಕುಗಳು ಒಂದು ಬಿಂದುವಿನಲ್ಲಿ ಸರಿಸಮ ಕೋನದಲ್ಲಿ ಕೂಡುತ್ತವೆ. ಹಾಗೆ ಕೂಡುತ್ತ ಹೋದರೆ ಆರು ಮೂಲೆ ಬರುತ್ತದೆ. ತಣಿಯುವುದು ಒಳಗೊಳಗೆ ಮುಂದುವರಿದಂತೆ ಬಿರುಕೂ ಆಳಕ್ಕೆ ಇಳಿದು ಕಂಬವಾಗುತ್ತದೆ. ಎಲ್ಲ ಕಂಬಗಳಿಗೂ ಆರೇ ಮೂಲೆ ಇಲ್ಲ. ಐದು, ಏಳು ಇರುವವೂ ಇವೆ. ಎರೆ ಹೊಲದ ಬಿರುಕುಗಳು ಅಷ್ಟೊಂದು ಅಚ್ಚುಕಟ್ಟಾಗಿರುವುದಿಲ್ಲ, ಆದರೆ ಕೆಲಸ ಮಾಡುವ ನಿಯಮ ಒಂದೇ.

ಈ ದ್ವೀಪದ ಟೂರ್ ಬಗ್ಗೆ ಫಾರ್ವರ್ಡ್ ಬಂದರೆ ನೆನಪಿಡಬೇಕಾದದ್ದು ಇಷ್ಟು. ಮಳೆಗಾಲದಲ್ಲಿ ದೋಣಿಗಳು ನಿಲ್ಲುತ್ತವೆ. ದ್ವೀಪದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ, ಸಂಜೆಯ ದೋಣಿಗೆ ಮರಳಬೇಕು. ಕಂಬಗಳ ಮೇಲೆ ಆಕಾಶಗಂಗೆ ಹೊಳೆಯುವ ಫೋಟೊ ಹಾಕಿ ಟೂರ್ ಮಾರುವವರು ಸಿಕ್ಕರೆ, ‘ಇದನ್ನು ಯಾವ ಅನುಮತಿಯಿಂದ, ಹೇಗೆ ತೆಗೆದಿರಿ? ನಮ್ಮನ್ನೂ ಆ ಹೊತ್ತಿಗೆ ಕರೆದೊಯ್ಯುತ್ತೀರಾ?’ ಎಂದು ಕೇಳಿ. ಎರಡು ಫೋಟೊ ಸೇರಿಸಿ ಒಂದು ಮಾಡುವುದು ಕಲೆಯೇ ಇರಬಹುದು, ಟಿಕೆಟ್ ಮಾರಲು ಅದನ್ನು ತೋರಿಸುವುದು ಬೇರೆ ಮಾತು. ಕಲ್ಲುಗಳು ಪಾಚಿಯಿಂದ ಜಾರುತ್ತವೆ, ಅಲೆ ಹೇಳಿ ಕೇಳಿ ಬರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಲ್ಲಿ ನೀರಿನಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು.

ಮಾರಿಷಸ್ಸಿಗೂ ತಿಕೋಟಾಕ್ಕೂ ಏನು ಸಂಬಂಧ?

ನೇರ ಸಂಬಂಧ ಇದೆ. ಎರಡೂ ಒಂದೇ ಕುಲುಮೆಯಿಂದ ಬಂದವು ಎನ್ನುವುದು ಹೆಚ್ಚಿನ ಭೂವಿಜ್ಞಾನಿಗಳು ಒಪ್ಪುವ ವಿವರಣೆ.

ಹೊಲಿಗೆ ಯಂತ್ರವನ್ನು ನೆನಪಿಸಿಕೊಳ್ಳಿ. ಸೂಜಿ ಇದ್ದಲ್ಲೇ ಇರುತ್ತದೆ, ಬಟ್ಟೆ ಸರಿಯುತ್ತದೆ, ಹಿಂದೆ ಹೊಲಿಗೆಯ ಸಾಲು ಬೀಳುತ್ತದೆ. ಭೂಮಿಯ ಆಳದಿಂದ ಬಿಸಿ ಮೇಲೇರುವ ಅಂಥದ್ದೊಂದು ಜಾಗ ಇಂದು ರಿಯೂನಿಯನ್ ಎಂಬ ಫ್ರೆಂಚ್ ದ್ವೀಪದ ಕೆಳಗಿದೆ. ಮಾರಿಷಸ್ಸಿನಿಂದ ಸುಮಾರು 200 ಕಿಲೊಮೀಟರ್. ಅಲ್ಲಿಯ ಪಿಟೊನ್ ಡೆ ಲಾ ಫುರ್ನೇಸ್ ಎಂಬ ಜ್ವಾಲಾಮುಖಿ ಈಗಲೂ ಮೇಲಿಂದ ಮೇಲೆ ಸಿಡಿಯುತ್ತಿರುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆ ಸೂಜಿಯ ಮೇಲೆ ಇದ್ದದ್ದು ನಮ್ಮ ನೆಲ. ಆಗ ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ಹರಡಿ ದಖನ್ ಪ್ರಸ್ಥಭೂಮಿಯ ದೊಡ್ಡ ಭಾಗವನ್ನು ಮುಚ್ಚಿತು. ಸವೆದು ಉಳಿದದ್ದೇ ಇಂದು ಸುಮಾರು 5 ಲಕ್ಷ ಚದರ ಕಿಲೊಮೀಟರ್. ಭಾರತದ ನೆಲ ಉತ್ತರಕ್ಕೆ ಸರಿಯುತ್ತ ಹೋದಂತೆ ಹೊಲಿಗೆ ಮುಂದುವರಿಯಿತು: ಲಕ್ಷದ್ವೀಪ ಮತ್ತು ಮಾಲ್ಡೀವ್ಸ್‌ನ ಹವಳದ ಕೆಳಗಿನ ಕಲ್ಲು, ನಂತರ ಮಾರಿಷಸ್, ಕೊನೆಗೆ ರಿಯೂನಿಯನ್. ನಮಗೂ ಆ ಸೂಜಿಗೂ ನಡುವೆ ಇಂದು ನಾಲ್ಕು ಸಾವಿರ ಕಿಲೊಮೀಟರಿಗೂ ಹೆಚ್ಚು ಅಂತರ.

ಗೋಲಗುಮ್ಮಟ ಕಟ್ಟಿದ ಕಪ್ಪು ಕಲ್ಲು ಆ ಲಾವಾ. ಡೋಣಿ ದಂಡೆಯಲ್ಲಿ ಬಿಳಿಜೋಳ ಬೆಳೆಯುವ ಎರೆ ಆ ಕಲ್ಲು ಕೊಳೆತು ಆದ ಮಣ್ಣು. ಬಾವಿ ತೋಡುವಾಗ ಮೇಲೆ ಎರೆ, ಕೆಳಗೆ ಗರಸು, ಅದರ ಕೆಳಗೆ ಸುತ್ತಿಗೆಗೆ ಜಗ್ಗದ ಕರಿಕಲ್ಲು ಸಿಗುತ್ತದಲ್ಲ, ಅದೂ ಅದೇ. ಕೆಲವು ಕಲ್ಲುಗಳಲ್ಲಿ ಜೇನುಗೂಡಿನಂತೆ ತೂತುಗಳಿರುತ್ತವೆ. ಅವು ಲಾವಾ ಆರುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು. ಕೃಷ್ಣೆ ದಾಟಿ ಬಾದಾಮಿಗೆ ಹೋದರೆ ಕಾಣುವ ಕೆಂಪು ಬೆಟ್ಟಗಳು ಮಾತ್ರ ಬೇರೆ. ಅವು ಇದಕ್ಕಿಂತ ಬಹಳ ಹಳೆಯ ಮರಳುಗಲ್ಲು, ಜ್ವಾಲಾಮುಖಿಗೂ ಅವಕ್ಕೂ ಸಂಬಂಧವಿಲ್ಲ.

‘ಹಂಗಾದ್ರ ಇಲ್ಲಿ ಮತ್ತ ಜ್ವಾಲಾಮುಖಿ ಏಳತೈತೇನು?’ ಇಲ್ಲ. ಸೂಜಿ ಎಂದೋ ದೂರ ಹೋಯಿತು. ನಮ್ಮ ಜಿಲ್ಲೆಯಲ್ಲಿ ಆಗಾಗ ಆಗುವ ಲಘು ಭೂಕಂಪನಕ್ಕೂ ಜ್ವಾಲಾಮುಖಿಗೂ ಸಂಬಂಧವಿಲ್ಲ. ನೆಲದೊಳಗಿನ ಬಂಡೆಗಳಲ್ಲಿ ಕೂಡಿದ ಒತ್ತಡ ಬಿರುಕುಗಳಲ್ಲಿ ಬಿಡುಗಡೆಯಾಗುವುದು ಅದು. ರಾತ್ರಿ ನೆಲ ನಡುಗಿದ ಮೇಲೆ ಯಾವುದೋ ದ್ವೀಪದ ಲಾವಾ ಫೋಟೊ ‘ವಿಜಯಪುರದ ಹತ್ತಿರ’ ಎಂದು ಬಂದರೆ ಅಂಗಳದಲ್ಲಿ ಕೂತಿರುವ ವಯಸ್ಸಾದವರ, ಮಕ್ಕಳ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆ. ಕಂಪನದ ತೀವ್ರತೆ, ಕೇಂದ್ರಬಿಂದು ತಿಳಿಯಲು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪ್ರಕಟಣೆ ನೋಡಿ.

ಇಲ್ಲಿ ಹೆಸರಿನ ಗೊಂದಲವೂ ಒಂದಿದೆ. ಬಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾಯಿತು. ಅಂಡಮಾನಿನ ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ‘ಶ್ರೀ ವಿಜಯಪುರಂ’ ಎಂದು ಹೆಸರಿಟ್ಟರು. ಅಲ್ಲಿಂದ ಸುಮಾರು 140 ಕಿಲೊಮೀಟರ್ ದೂರದಲ್ಲಿ ಬ್ಯಾರನ್ ದ್ವೀಪವಿದೆ, ಭಾರತದ ಏಕೈಕ ಜೀವಂತ ಜ್ವಾಲಾಮುಖಿ. ದಾಖಲಾದ ಮೊದಲ ಸ್ಫೋಟ 1787ರದ್ದು. ಸುಮಾರು ಒಂದೂವರೆ ಶತಮಾನ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. ‘ವಿಜಯಪುರಂ ಸಮೀಪ ಜ್ವಾಲಾಮುಖಿ ಸ್ಫೋಟ’ ಎಂಬ ಸುದ್ದಿ ಕಂಡರೆ ಕೊನೆಯ ಸೊನ್ನೆಯನ್ನು ಗಮನಿಸಿ. ಬ್ಯಾರನ್‌ನಲ್ಲಿ ಪ್ರವಾಸಿಗರು ಇಳಿಯುವಂತಿಲ್ಲ. ಅನುಮತಿ ಪಡೆದ ಹಡಗು, ದೋಣಿಗಳಿಂದ ದೂರದಲ್ಲೇ ನೋಡಬೇಕು. ‘ಬ್ಯಾರನ್ ಕುಳಿಯ ಅಂಚಿನಲ್ಲಿ ನಿಮ್ಮ ಫೋಟೊ’ ಎಂದು ಯಾರಾದರೂ ಮಾರಿದರೆ ಮುಂದಿನ ಮಾತೇ ಬೇಡ.

‘ನಿಮಗಾಗಿಯೇ’ ಎಂದರೆ ಏನು ಕೊಡುತ್ತಾರೆ?

ಇಂಥ ಟೂರುಗಳೆಲ್ಲ ಮೋಸ ಎಂದು ನಾವು ಹೇಳುತ್ತಿಲ್ಲ. ಸಾಮಾನ್ಯ ಪ್ಯಾಕೇಜಿನಲ್ಲಿ ಬಸ್ಸು ಬೆಳಿಗ್ಗೆ ತಿಂಡಿ ಆದ ಮೇಲೆ ಹೊರಡುತ್ತದೆ. ಚೆಂದದ ಬೆಳಕು ಅಷ್ಟೊತ್ತಿಗೆ ಮುಗಿದಿರುತ್ತದೆ. ಒಬ್ಬರಿಗೆ ಅಥವಾ ನಾಲ್ಕೈದು ಜನಕ್ಕಾಗಿ ಮಾಡುವ ಫೋಟೊ ಟೂರಿನಲ್ಲಿ ಆ ದ್ವೀಪವನ್ನು ವರ್ಷಗಟ್ಟಲೆ ಓಡಾಡಿ ಬಲ್ಲ ಫೋಟೊಗ್ರಾಫರ್ ಜೊತೆಗಿರುತ್ತಾರೆ. ಉಬ್ಬರ ಎಷ್ಟೊತ್ತಿಗೆ ಇಳಿಯುತ್ತದೆ, ಮೋಡ ಯಾವ ಕಣಿವೆಯಲ್ಲಿ ಮೊದಲು ಸರಿಯುತ್ತದೆ, ಯಾವ ಬಂಡೆಯ ಮೇಲೆ ಕಾಲಿಡಬಾರದು ಎಂಬುದು ಅವರಿಗೆ ಗೊತ್ತು. ನೀವು ದುಡ್ಡು ಕೊಡುವುದು ಆ ತಿಳಿವಳಿಕೆಗೆ, ಮತ್ತು ಬೆಳಕು ಬರುವವರೆಗೆ ಕಾಯುವ ಹೊತ್ತಿಗೆ. ‘ಇದೇ ಫೋಟೊ ಸಿಗುತ್ತದೆ, ಗ್ಯಾರಂಟಿ’ ಎನ್ನುವವರಿಗೆ ಆ ತಿಳಿವಳಿಕೆ ಇಲ್ಲ ಎಂದೇ ತಿಳಿಯಬಹುದು. ಸುತ್ತಲೂ ಕಡಲಿರುವ ಬೆಟ್ಟದ ದ್ವೀಪಗಳಲ್ಲಿ ಬೆಳಿಗ್ಗೆ ಬಿಸಿಲು, ಹತ್ತು ಗಂಟೆಗೆ ಮಂಜು, ಮಧ್ಯಾಹ್ನ ಮಳೆ. ಯಾರೂ ಗ್ಯಾರಂಟಿ ಕೊಡಲಾಗುವುದಿಲ್ಲ.

ಆದ್ದರಿಂದ ಅಡ್ವಾನ್ಸ್ ಹಾಕುವ ಮುನ್ನ ನೇರವಾಗಿ ಕೇಳಿ. ಈ ಫೋಟೊ ತೆಗೆದವರು ನೀವೇನಾ? ಯಾವ ತಿಂಗಳು, ಎಲ್ಲಿ ನಿಂತು? ಡ್ರೋನ್ ಅಥವಾ ಹೆಲಿಕಾಪ್ಟರ್ ಬೇಕಿದ್ದರೆ ಅದರ ಖರ್ಚು ಈ ದರದಲ್ಲಿ ಸೇರಿದೆಯೇ? ಜ್ವಾಲಾಮುಖಿ ಪ್ರದೇಶ ಮುಚ್ಚಿದರೆ ಬದಲಿ ಏನು, ಹಣ ಎಷ್ಟು ವಾಪಸ್? ಉತ್ತರ ಬರವಣಿಗೆಯಲ್ಲಿ ಬರಲಿ. ಕೊನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನ್ಯೂಜಿಲೆಂಡಿನ ವಾಕಾರಿ ಜ್ವಾಲಾಮುಖಿ ದ್ವೀಪದಲ್ಲಿ 2019ರ ನವೆಂಬರ್‌ನಲ್ಲೇ ಎಚ್ಚರಿಕೆಯ ಮಟ್ಟ ಏರಿಸಿದ್ದರು. ಆದರೂ ಪ್ರವಾಸಿಗರನ್ನು ಕರೆದೊಯ್ಯುವುದು ನಿಲ್ಲಲಿಲ್ಲ. ಡಿಸೆಂಬರ್ 9ರಂದು ಸ್ಫೋಟವಾದಾಗ ದ್ವೀಪದ ಮೇಲೆ 47 ಜನ ಇದ್ದರು, 22 ಜನ ಸತ್ತರು. ಟೂರ್ ಕಂಪನಿ ‘ಏನೂ ಆಗಲ್ಲ’ ಎಂದರೆ ಸಾಲದು. ಆ ದೇಶದ ಜ್ವಾಲಾಮುಖಿ ನಿಗಾ ಸಂಸ್ಥೆ ಏನು ಹೇಳುತ್ತಿದೆ ಎಂದು ನೋಡಬೇಕು.

ಫೋಟೊವನ್ನು ನೀವೇ ಪರೀಕ್ಷಿಸಲು ಅದನ್ನು ಮೊಬೈಲ್‌ನಲ್ಲಿ ಉಳಿಸಿ ಗೂಗಲ್ ಲೆನ್ಸ್‌ನಲ್ಲಿ ತೆರೆಯಿರಿ. ಅದೇ ಚಿತ್ರ ಬೇರೆ ಎಲ್ಲೆಲ್ಲಿ, ಯಾವ ಹೆಸರಿನಲ್ಲಿ ಇದೆ ಎಂದು ತೋರಿಸುತ್ತದೆ. ಒಂದೇ ಚಿತ್ರಕ್ಕೆ ನಾಲ್ಕು ದೇಶದ ಹೆಸರಿದ್ದರೆ ಅಲ್ಲೇ ನಿಲ್ಲಿಸಿ. ಎಐ ಚಿತ್ರ ಹಿಡಿಯಲು ಬೆರಳು ಎಣಿಸುವಂಥ ಉಪಾಯ ಬೆಟ್ಟ ಕಡಲಿನ ಚಿತ್ರಗಳಲ್ಲಿ ನಡೆಯುವುದಿಲ್ಲ. ಜಾಗದ ಖಚಿತ ಹೆಸರು ಕೇಳಿ, ಮ್ಯಾಪಿನಲ್ಲಿ ಅದೇ ಜಾಗಕ್ಕೆ ಸಾಮಾನ್ಯ ಪ್ರವಾಸಿಗರು ಹಾಕಿದ ಮಸುಕು ಮಸುಕು ಫೋಟೊಗಳನ್ನು ನೋಡುವುದೇ ಉತ್ತಮ. ನಿಮಗೂ ಹೆಚ್ಚುಕಡಿಮೆ ಅಷ್ಟೇ ಕಾಣುವುದು. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಬಹಳ ಕೈ ದಾಟಿ ಬಂದಿದೆ ಎಂದರ್ಥ, ಕಳಿಸಿದ ಮಾವನೋ ಕಾಕಾನೋ ಅದನ್ನು ನೋಡಿ ಬಂದವರಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಟೂರ್ ಆಗಿದೆ, ಆದರೆ ಹೇಳಿದ್ದು ಕೊಟ್ಟಿಲ್ಲ ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಹೋಗುವ ಮುನ್ನ ಇಲ್ಲೇ ತೆಗೆದು ನೋಡಿ

ದ್ವೀಪಕ್ಕೆ ಹೋಗುವವರೂ ಮೊದಲು ಮನೆಯ ಹತ್ತಿರ ಕೈ ಪಳಗಿಸಿಕೊಂಡರೆ ಒಳ್ಳೆಯದು. ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿ 1633ರಲ್ಲಿ ಮಹಮ್ಮದ್ ಆದಿಲ್‌ಶಾಹಿ ಕಟ್ಟಿಸಿದ ಕೆರೆಯಿದೆ. ಗಾಳಿ ಏಳುವ ಮುನ್ನ, ಬೆಳಗಿನ ಮೊದಲ ಅರ್ಧ ಗಂಟೆಯಲ್ಲಿ ನೀರು ಕನ್ನಡಿಯಂತಿರುತ್ತದೆ. ತಿಕೋಟಾ ಕಡೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳ ಸಾಲು ಸಾಲು ಬಲೆಗಳಲ್ಲಿ ಸಂಜೆಯ ಬೆಳಕು ಸೋಸಿ ಬರುತ್ತದೆ. ಮಾಲೀಕರನ್ನು ಕೇಳಿಕೊಂಡೇ ಒಳಗೆ ಹೋಗಿ. ಅಮಾವಾಸ್ಯೆಯ ಆಸುಪಾಸು, ಮಾರ್ಚ್ ಏಪ್ರಿಲ್‌ನ ನಸುಕಿನಲ್ಲಿ, ಊರಿನ ದೀಪಗಳಿಂದ ದೂರದ ಹೊಲದಲ್ಲಿ ಮೊಬೈಲನ್ನು ಕಲ್ಲಿಗೆ ಒರಗಿಸಿ ನೈಟ್ ಮೋಡ್ ಹಾಕಿದರೆ ದಕ್ಷಿಣದ ಆಕಾಶದಲ್ಲಿ ಆಕಾಶಗಂಗೆ ಮಸುಕಾಗಿ ಬೀಳುತ್ತದೆ. ಗೋಲಗುಮ್ಮಟ, ಇಬ್ರಾಹಿಂ ರೋಜಾದಂಥ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ, ಡ್ರೋನ್‌ಗೆ ಮೊದಲೇ ಅನುಮತಿ ಬೇಕು. ನೀರು ತುಂಬಿದ ಹಳೆಯ ಕಲ್ಲಿನ ಖಣಿಗಳ ಅಂಚಿಗೆ ಮಾತ್ರ ಫೋಟೊಗೆಂದು ಹೋಗಬೇಡಿ, ಅಲ್ಲಿ ಇಳಿಜಾರು ಇರುವುದಿಲ್ಲ, ಒಮ್ಮೆಗೇ ಆಳ.

ತೆಗೆದ ಫೋಟೊವನ್ನು ಗ್ರೂಪಿಗೆ ಕಳಿಸುವಾಗ ಊರಿನ ಹೆಸರು, ದಿನಾಂಕ ಎರಡನ್ನೂ ಬರೆದು ಕಳಿಸಿ. ಗುಣಮಟ್ಟ ಉಳಿಯಬೇಕಿದ್ದರೆ, ತೆಗೆದ ಹೊತ್ತಿನ ವಿವರವೂ ಫೈಲಿನಲ್ಲಿ ಇರಬೇಕಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು. ಸಾಮಾನ್ಯ ಫೋಟೊ ಆಗಿ ಕಳಿಸಿದರೆ ವಾಟ್ಸ್‌ಆ್ಯಪ್ ಆ ವಿವರಗಳನ್ನು ಕಿತ್ತುಹಾಕುತ್ತದೆ. ಒಂದು ವೇಳೆ ಮನೆ, ಹೊಲದ ಜಾಗ ಪರರಿಗೆ ತಿಳಿಯಬಾರದು ಎಂದಿದ್ದರೆ ಕ್ಯಾಮೆರಾದ ಲೊಕೇಶನ್ ಮೊದಲೇ ಆಫ್ ಮಾಡಿ.

ಎರೆ ಹೊಲದ ಬಿರುಕು ತೆಗೆಯಲು ಏಪ್ರಿಲ್ ಮೇ ಸರಿಯಾದ ಕಾಲ. ಸೂರ್ಯ ಎದ್ದು ಅರ್ಧ ಗಂಟೆಯೊಳಗೆ, ಬೆಳಕು ಓರೆಯಾಗಿ ಬೀಳುವಾಗ ಮೊಬೈಲನ್ನು ನೆಲಕ್ಕೆ ಹತ್ತಿರ ಹಿಡಿಯಿರಿ. ಬಿರುಕಿನ ಒಂದು ಗೋಡೆ ಹೊಳೆದು ಇನ್ನೊಂದು ಕಪ್ಪಾಗಿ ಆಳ ಕಾಣುತ್ತದೆ. ಒಳಗೆ ಕೈ ಹಾಕಬೇಡಿ, ಚೇಳು ಹಾವು ತಂಪಿಗೆ ಸೇರಿರುತ್ತವೆ. ಮೊದಲ ದೊಡ್ಡ ಮಳೆ ಬಿದ್ದರೆ ಎರೆ ಹಿಗ್ಗಿ ಬಿರುಕೆಲ್ಲ ಮುಚ್ಚಿಹೋಗುತ್ತವೆ, ಆಮೇಲೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು.